ಪುಸ್ತಕದಲ್ಲಿ ಭಾರತಕ್ಕೆ ನಾಲ್ಕಕ್ಕೆ ನಾಲ್ಕು ಅಂಕ, ಆದರೂ ತೋಟ ಬಿಟ್ಟು ಚಿನ್ನ ಅಡ ಇಡುವುದು ಯಾಕೆ?

ಮೂಡಿಗೆರೆ ಹುಡುಗ:

ಎಲ್ಲರಿಗೂ ನಮಸ್ಕಾರ. ಊರು ಮೂಡಿಗೆರೆ ಕಡೆ, ಹಾಸನದಲ್ಲಿ ಎಂ.ಕಾಂ. ಓದುತ್ತಿದ್ದೇನೆ. ಸೆಮಿನಾರ್‌ಗೆ ನನ್ನ ಪಾಲಿಗೆ ಬಂದ ವಿಷಯ ಇದು: ಒಂದು ದೇಶದ ಕಾನೂನು ಎಲ್ಲಿಂದ ಬಂತು ಅನ್ನುವುದಕ್ಕೂ ಅಲ್ಲಿನ ಬ್ಯಾಂಕು, ಷೇರುಪೇಟೆ ಹೇಗೆ ಬೆಳೆದವು ಅನ್ನುವುದಕ್ಕೂ ಏನು ಸಂಬಂಧ?

ಓದಿದ್ದರಲ್ಲಿ ನನಗೆ ಅರ್ಥವಾಗಿದ್ದು ಹೇಳುತ್ತೇನೆ. 1998ರಲ್ಲಿ ಲಾ ಪೋರ್ಟಾ, ಲೋಪೆಜ್ ದೆ ಸಿಲಾನೆಸ್, ಶ್ಲೈಫರ್, ವಿಶ್ನಿ ಅನ್ನುವ ನಾಲ್ವರು 49 ದೇಶಗಳ ಕಾನೂನು ಹೋಲಿಸಿ ಒಂದು ಲೇಖನ ಬರೆದರು. ಇಂಗ್ಲೆಂಡಿನ ಕಾನೂನು, ಅಂದರೆ ಜಡ್ಜ್‌ಗಳ ತೀರ್ಪುಗಳಿಂದ ಬೆಳೆದದ್ದು, ಬಳಸುವ ದೇಶಗಳಲ್ಲಿ ದುಡ್ಡು ಹಾಕಿದವರಿಗೆ ರಕ್ಷಣೆ ಜಾಸ್ತಿ. ನೆಪೋಲಿಯನ್ ಕಾಲದ ಫ್ರೆಂಚ್ ಸಂಹಿತೆ (ಕಾನೂನನ್ನೆಲ್ಲ ಒಂದೇ ಪುಸ್ತಕವಾಗಿ ಬರೆದದ್ದು) ಹಿಡಿದವರಲ್ಲಿ ಎಲ್ಲಕ್ಕಿಂತ ಕಡಿಮೆ. ಜರ್ಮನ್, ಸ್ಕ್ಯಾಂಡಿನೇವಿಯನ್ ಗುಂಪು ನಡುವೆ. ರಕ್ಷಣೆ ಇದ್ದಲ್ಲಿ ಜನ ಧೈರ್ಯವಾಗಿ ದುಡ್ಡು ಬಿಡುತ್ತಾರೆ, ಪೇಟೆ ಬೆಳೆಯುತ್ತದೆ. ವಾದ ಇಷ್ಟೇ.

ಅವರ ಪಟ್ಟಿಯಲ್ಲಿ ಭಾರತ ನೋಡಿ ಬೆರಗಾಯಿತು. ಷೇರುದಾರರ ಹಕ್ಕಿಗೆ 5 ಅಂಕ. ಸಾಲ ಕೊಟ್ಟವರ ಹಕ್ಕಿಗೆ 4ಕ್ಕೆ 4. ಇಂಗ್ಲೆಂಡಿಗೂ 4. ಅಮೆರಿಕಕ್ಕೆ 1, ಫ್ರಾನ್ಸ್‌ಗೆ ಸೊನ್ನೆ!

ಈಗ ನಮ್ಮ ಮನೆ ಕಥೆ. ಎಂಟು ಎಕರೆ ರೋಬಸ್ಟಾ, ಮರಕ್ಕೆ ಮೆಣಸು. ಗೊಬ್ಬರಕ್ಕೆ, ಸ್ಪ್ರಿಂಕ್ಲರ್ ಡೀಸೆಲ್‌ಗೆ ದುಡ್ಡು ಬೇಕಾದಾಗಲೆಲ್ಲ ಅಪ್ಪ ಅಮ್ಮನ ಬಳೆ, ಸರ ತಗೊಂಡು ಹೋಗಿ ಅಡ ಇಡುತ್ತಾರೆ. ತೋಟದ ಬೆಲೆ ಆ ಚಿನ್ನದ ಎಷ್ಟೋ ಪಟ್ಟು. ಆದರೂ ತೋಟದ ಮೇಲೆ ದೊಡ್ಡ ಸಾಲ ಕೇಳಿದರೆ ಆ ಕಾಗದ ತನ್ನಿ, ಈ ಕಾಗದ ತನ್ನಿ. ನಾಲ್ಕಕ್ಕೆ ನಾಲ್ಕು ಬಂದ ದೇಶದಲ್ಲಿ ಹೀಗೆ ಯಾಕೆ? ಗೈಡ್ ಹತ್ತಿರ ಕೇಳಿದೆ, "ಜಾರಿ ಸರಿ ಇಲ್ಲ ಅಂತ ಬರಿ" ಅಂದರು. ಅಷ್ಟೇನಾ?

ಬಾಳೆಹೊನ್ನೂರು ತೋಟ:

ತಮ್ಮಾ, ಪಟ್ಟಿ ಮಾಡಿದವರು ಒಂದು ಸಲ ನಮ್ಮ ಕಡೆ ಬಂದು ಸಾಲ ಕೇಳಬೇಕಿತ್ತು. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟರೆ ರೋಬಸ್ಟಾಗೆ ನಾವೇ ನೀರು ಹೊಡೆಯಬೇಕು. ಆ ವಾರ ತಪ್ಪಿದರೆ ವರ್ಷದ ಬೆಳೆ ಹೋಯಿತು. ಅಂಥಾ ಹೊತ್ತಿನಲ್ಲಿ ಲೀಗಲ್ ಒಪೀನಿಯನ್ನು, ಇಸಿ (ಜಮೀನಿನ ಮೇಲೆ ಹಳೇ ಋಣ ಇದೆಯಾ ಅಂತ ತೋರಿಸುವ ಪತ್ರ), ವ್ಯಾಲ್ಯುಯೇಶನ್ನು ಅಂತ ಯಾರು ಓಡಾಡುತ್ತಾರೆ? ಚಿನ್ನ ಇಟ್ಟರೆ ಅರ್ಧ ಗಂಟೆಯಲ್ಲಿ ದುಡ್ಡು ಕೈಗೆ. ಇದರಲ್ಲಿ ಇಂಗ್ಲೆಂಡೂ ಇಲ್ಲ ಫ್ರಾನ್ಸೂ ಇಲ್ಲ ಮಾರಾಯ.

ಹಳೇ ವಕೀಲ, ಚಿಕ್ಕಮಗಳೂರು:

ಬಾಳೆಹೊನ್ನೂರಿನ ಅಣ್ಣಾ, ಇಂಗ್ಲೆಂಡ್ ಇದೆ. ನೀವು ಹೇಳಿದ ಆ ಅರ್ಧ ಗಂಟೆಯಲ್ಲೇ ಇದೆ. ಅದು ಬ್ಯಾಂಕಿನವರ ಕೃಪೆ ಅಲ್ಲ, 1872ರ ಕರಾರು ಕಾಯ್ದೆ.

ನಾನು ಇಲ್ಲಿನ ಬ್ಯಾಂಕುಗಳಿಗೆ ಪ್ಯಾನಲ್ ವಕೀಲನಾಗಿದ್ದವನು. ತೋಟದ ಕಾಗದ ಓದಿ "ಈ ಜಮೀನಿನ ಮೇಲೆ ಸಾಲ ಕೊಡಬಹುದು, ಇದರ ಮೇಲೆ ಬೇಡ" ಅಂತ ಬರೆದುಕೊಡುವುದೇ ಕೆಲಸ. ಈಗ ಕಣ್ಣು ಸೋತಿದೆ, ಬಿಟ್ಟಿದ್ದೇನೆ. ಹುಡುಗ, ನಿನ್ನ ಗೈಡ್ ಹೇಳಿದ್ದು ಸುಳ್ಳಲ್ಲ. ಆದರೆ "ಜಾರಿ ಸರಿ ಇಲ್ಲ" ಅನ್ನುವುದು ಬಹಳ ಸುಲಭದ ಉತ್ತರ. ಕೆಲವು ಕಡೆ ಕಾನೂನು ನಿಧಾನವಾಗಿರುವುದು ಸೋಮಾರಿತನದಿಂದ ಅಲ್ಲ, ನಿಧಾನವಾಗಿರಲಿ ಅಂತಲೇ ಬರೆದಿದ್ದಾರೆ. ಅದನ್ನು ಹೇಳುತ್ತೇನೆ.

ಚಿನ್ನದಿಂದ ಶುರು ಮಾಡೋಣ. ಕರಾರು ಕಾಯ್ದೆಯ 172ನೇ ಸೆಕ್ಷನ್ ಪ್ರಕಾರ ಸಾಲಕ್ಕೆ ಒತ್ತಾಸೆಯಾಗಿ, ಅಂದರೆ ಭದ್ರತೆಯಾಗಿ, ಚರವಸ್ತುವನ್ನು ಕೈಗೆ ಕೊಟ್ಟರೆ ಅದು ಗಿರವಿ. ಸಾಲ ತೀರಿಸದಿದ್ದರೆ ಏನು? 176 ಹೇಳುತ್ತದೆ: ಸಾಲಗಾರನಿಗೆ ಸಾಕಷ್ಟು ಮುಂಚೆ ನೋಟಿಸ್ ಕೊಟ್ಟು ವಸ್ತುವನ್ನು ಮಾರಬಹುದು. ಕೋರ್ಟಿಗೆ ಹೋಗಲೇಬೇಕು ಅಂತ ಇಲ್ಲ. ಚಿನ್ನ ಬ್ಯಾಂಕಿನ ಲಾಕರಿನಲ್ಲೇ ಇದೆ, ಬೆಲೆ ಪೇಪರಿನಲ್ಲಿ ದಿನಾ ಬರುತ್ತದೆ, ಮಾರಲು ಜಡ್ಜ್ ಬೇಡ. ಇನ್ನೇನು ಬೇಕು ಸಾಲ ಕೊಡುವವನಿಗೆ? ನಿಮ್ಮಮ್ಮನ ಬಳೆ ಯಾವ ಮನೆತನದ್ದು, ಯಾರ ಪಾಲಿನದು ಅಂತ ವಂಶವೃಕ್ಷ ಕೂಡ ಕೇಳುವುದಿಲ್ಲ.

ಜಮೀನಿಗೆ ಬಾ. 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಇದರ ಹಿಂದೆ ಇಂಗ್ಲೆಂಡಿನ ಚಾನ್ಸರಿ ಕೋರ್ಟ್ ಇದೆ. ಅಲ್ಲಿ ಹಿಂದೆ ಅಡಮಾನ ಅಂದರೆ ಜಮೀನನ್ನೇ ಸಾಲ ಕೊಟ್ಟವನ ಹೆಸರಿಗೆ ಬರೆದುಕೊಡುವುದು. ಹೇಳಿದ ದಿನ ದುಡ್ಡು ಕಟ್ಟದಿದ್ದರೆ ಜಮೀನು ಹೋಯಿತು. ಚಾನ್ಸರಿ ಜಡ್ಜ್‌ಗಳು ಅಡ್ಡ ಬಂದರು. ದಿನ ದಾಟಿದರೂ ಅಸಲು, ಬಡ್ಡಿ ಕೊಟ್ಟರೆ ಜಮೀನು ಬಿಡಿಸಿಕೊಳ್ಳುವ ಹಕ್ಕು ಇದೆ ಅಂದರು. ಒಮ್ಮೆ ಅಡಮಾನವಾದದ್ದು ಎಂದಿಗೂ ಅಡಮಾನವೇ ಅನ್ನುವ ತತ್ವ ಅಲ್ಲಿಂದ ಬಂದು ನಮ್ಮ 60ನೇ ಸೆಕ್ಷನ್ ಆಗಿ ಕೂತಿದೆ. ಸಾಲಗಾರ ಅದನ್ನು ಬಿಟ್ಟುಕೊಡುತ್ತೇನೆ ಅಂತ ಪತ್ರದಲ್ಲೇ ಬರೆದುಕೊಟ್ಟರೂ ನಡೆಯುವುದಿಲ್ಲ. ಜಡ್ಜ್ ಮಾಡಿದ ಕಾನೂನು ಅಂದರೆ ಸಾಲ ಕೊಟ್ಟವನ ಪರ ಅಂತ ನಿನ್ನ ಪಟ್ಟಿ ನೋಡಿದರೆ ಅನಿಸುತ್ತದೆ, ಅಲ್ವಾ? ಇಲ್ಲಿ ಅದೇ ಜಡ್ಜ್ ಸಾಲಗಾರನ ಪರ ನಿಂತಿದ್ದಾನೆ.

ಇದಕ್ಕಿಂತ ಮಜಾ 69ನೇ ಸೆಕ್ಷನ್. ಕೋರ್ಟಿಗೆ ಹೋಗದೆ ಅಡಮಾನದ ಜಮೀನು ಮಾರುವ ಅಧಿಕಾರ ಯಾರಿಗೆ ಅಂತ ಅದು ಹೇಳುತ್ತದೆ. ಇಂಗ್ಲಿಷ್ ಅಡಮಾನ ಅನ್ನುವ ಒಂದು ನಮೂನೆಗೆ ಆ ಅಧಿಕಾರ ಉಂಟು. ಆದರೆ ಎರಡೂ ಕಡೆಯವರಲ್ಲಿ ಯಾರೂ ಹಿಂದೂ, ಮುಸ್ಲಿಂ, ಬೌದ್ಧ ಆಗಿರಬಾರದು! ಬಿಟ್ಟರೆ ಅಡಮಾನ ಪಡೆದದ್ದು ಸರ್ಕಾರವೇ ಆಗಿದ್ದು, ಪತ್ರದಲ್ಲಿ ಹಾಗೆ ಬರೆದಿದ್ದಾಗ. ಇಲ್ಲಾ ಕಲ್ಕತ್ತ, ಮದ್ರಾಸು, ಬೊಂಬಾಯಿಯಂಥ ಊರಿನ, ಅಥವಾ ಸರ್ಕಾರ ಹೆಸರಿಸಿದ ಊರಿನ ಸ್ವತ್ತಾದರೆ, ಪತ್ರದಲ್ಲಿ ಹಾಗೆ ಬರೆದಿದ್ದರೆ. ಉಳಿದವರೆಲ್ಲ ದಾವೆ ಹಾಕಬೇಕು. ಅಂದರೆ ಒಂದೇ ಪುಸ್ತಕದಲ್ಲಿ ಯುರೋಪಿಯನ್ ಸಾಲಗಾರನಿಗೆ ಒಂದು ದಾರಿ, ಹಳ್ಳಿಯ ಹಿಂದೂ ಮುಸ್ಲಿಂ ರೈತನಿಗೆ ಇನ್ನೊಂದು ದಾರಿ. ಇದನ್ನು ಬರೀ ತಾರತಮ್ಯ ಅನ್ನಬೇಡ. ಆ ಕಾಲದ ಭಯವನ್ನೂ ನೋಡು. 1875ರಲ್ಲಿ ಪುಣೆ, ಅಹಮದ್‌ನಗರ ಕಡೆ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟಿದ್ದರು. ಬ್ರಿಟಿಷ್ ಕೋರ್ಟು ಬಂದ ಮೇಲೆ ಸಾಹುಕಾರನಿಗೆ ಡಿಕ್ರಿ ಸಿಗುವುದು ಸಲೀಸಾಗಿ, ಜಮೀನು ಕೈಬಿಟ್ಟು ಹೋಗುತ್ತಿತ್ತು. 1879ರಲ್ಲಿ ಸರ್ಕಾರವೇ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ತಂದು ಲಗಾಮು ಹಾಕಿತು. ಸಾಲ ಕೊಟ್ಟವನ ಹಕ್ಕು ಜಾಸ್ತಿಯಾದರೆ ಸಾಲ ಸಲೀಸು ಅನ್ನುತ್ತಾರಲ್ಲ, ಆ ಹಕ್ಕು ಎಲ್ಲಿಗೆ ಮುಟ್ಟಿದರೆ ಜನ ದೊಣ್ಣೆ ಹಿಡಿಯುತ್ತಾರೆ ಅನ್ನುವುದಕ್ಕೆ ಪಟ್ಟಿಯಲ್ಲಿ ಕಾಲಂ ಇಲ್ಲ.

ದಾವೆ ಹಾಕಿದರೆ ಏನಾಗುತ್ತದೆ? ಪ್ರಿಲಿಮಿನರಿ ಡಿಕ್ರಿ, ಫೈನಲ್ ಡಿಕ್ರಿ, ಆಮೇಲೆ ಆ ಡಿಕ್ರಿ ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ. ಅದರಲ್ಲಿ ಮಗನ ತಕರಾರು, ಅಣ್ಣನ ತಕರಾರು. ಭಾರತದಲ್ಲಿ ದಾವೆಗಾರನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕ ಮೇಲೆ ಅಂತ ಪ್ರಿವಿ ಕೌನ್ಸಿಲ್ (ಆಗ ನಮಗೆ ಲಂಡನ್ನಿನಲ್ಲಿದ್ದ ಕೊನೆಯ ಮೇಲ್ಮನವಿ ಕೋರ್ಟು) 1872ರಲ್ಲೇ ಹೇಳಿತ್ತು. ಕರಾರು ಕಾಯ್ದೆ ಬಂದದ್ದೂ ಅದೇ ವರ್ಷ.

ಈ ನಿಧಾನ ತಪ್ಪಿಸಲು 1993ರಲ್ಲಿ ಬ್ಯಾಂಕುಗಳಿಗೆ ಬೇರೆ ಸಾಲ ವಸೂಲಿ ನ್ಯಾಯಮಂಡಳಿ ಬಂತು. 2002ರಲ್ಲಿ ಸರ್ಫೇಸಿ ಕಾಯ್ದೆ ಬಂದು, ನೋಟಿಸ್ ಕೊಟ್ಟು 60 ದಿನ ಕಾದು, ಬ್ಯಾಂಕೇ ಸ್ವತ್ತು ವಶಕ್ಕೆ ತಗೊಂಡು ಹರಾಜು ಹಾಕಬಹುದು ಅಂತಾಯಿತು. ಪೇಟೆಯ ಮನೆ, ಫ್ಯಾಕ್ಟರಿ ಸಾಲ ಇದರಿಂದ ಸಲೀಸಾಯಿತು. ಆದರೆ ಆ ಕಾಯ್ದೆಯ 31ನೇ ಸೆಕ್ಷನ್ ಕೃಷಿ ಜಮೀನನ್ನು ಹೊರಗಿಟ್ಟಿದೆ. ಹಾಗಾದರೆ ಕಾಫಿ ತೋಟ ಕೃಷಿ ಜಮೀನೋ ಅಲ್ಲವೋ? ನಮ್ಮ ಜಿಲ್ಲೆಯಲ್ಲಿ ಜಗಳ ಇರುವುದೇ ಇಲ್ಲಿ. ತೋಟಗಳಿಗೆ ಹರಾಜು ನೋಟಿಸ್ ಬಂದಿವೆ, ಕಾಫಿಯನ್ನೂ ಹೊರಗಿಡಿ ಅಂತ ಬೆಳೆಗಾರರು ಕೇಳುತ್ತಲೇ ಇದ್ದಾರೆ. ಒಂದು ಮಾತು ಹೇಳಲೇಬೇಕು, ಬೆಳೆಗಾರರು ಬೈದರೂ ಸರಿ. 1961ರ ಭೂಸುಧಾರಣಾ ಕಾಯ್ದೆಯಲ್ಲಿ ಪ್ಲಾಂಟೇಶನ್ ಅಂತ ಹೇಳಿಯೇ ಕಾಫಿಗೆ ಜಮೀನಿನ ಮಿತಿಯಿಂದ ವಿನಾಯಿತಿ ಸಿಕ್ಕಿದ್ದು. ಮಿತಿ ಅಂದಾಗ ಪ್ಲಾಂಟೇಶನ್, ಹರಾಜು ಅಂದಾಗ ಕೃಷಿ. ಎರಡೂ ಬೇಕು ಅಂದರೆ ವಾದ ಮಾಡುವ ವಕೀಲನಿಗೆ ಕಷ್ಟ. ಎಂಟು ಎಕರೆಯವರಿಗೆ ಈ ಮಾತು ತಗಲುವುದಿಲ್ಲ ಬಿಡು, ಮಿತಿಯ ಹತ್ತಿರವೂ ಅವರು ಹೋಗುವುದಿಲ್ಲ.

ಇನ್ನು ನೀನು ಹೇಳಿದ "ಆ ಕಾಗದ ಈ ಕಾಗದ". ಇಂಗ್ಲೆಂಡಿನವರು ಕರಾರು, ಅಡಮಾನ ಎಲ್ಲ ತಮ್ಮದು ತಂದರು, ಮನೆಯೊಳಗಿನ ಆಸ್ತಿ ಮಾತ್ರ ವಿಜ್ಞಾನೇಶ್ವರ ಬರೆದ ಹಳೇ ಹಿಂದೂ ಕಾನೂನಿನ ಗ್ರಂಥ ಮಿತಾಕ್ಷರಕ್ಕೇ ಬಿಟ್ಟರು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಪಾಲು. ಹಾಗಾಗಿ ಸಾಲದ ಪತ್ರ ಇಂಗ್ಲಿಷ್ ಕಾನೂನಿನದು, ಅದರ ಕೆಳಗಿರುವ ಜಮೀನು ವಿಜ್ಞಾನೇಶ್ವರನ ಕಾನೂನಿನದು. ಬ್ಯಾಂಕು ವಂಶವೃಕ್ಷ ಕೇಳಿ ಮನೆಮಂದಿಯ ಸಹಿ ಹಾಕಿಸುವುದು ಇದಕ್ಕೇ. ಹಿಂದೆ ಇದರಿಂದ ಸಾಲಕ್ಕೆ ಒಂದು ಅನುಕೂಲವೂ ಇತ್ತು. ಅಪ್ಪನ ಸಾಲ ತೀರಿಸುವುದು ಮಗನ ಧರ್ಮ ಅನ್ನುವ ನಿಯಮವನ್ನು ಕೋರ್ಟುಗಳೂ ಒಪ್ಪಿದ್ದವು, ಜೂಜು, ದುಶ್ಚಟದ ಸಾಲ ಬಿಟ್ಟು. ಸಾಲ ಕೊಡುವವನು ಮನುಷ್ಯನನ್ನು ನೋಡುತ್ತಿರಲಿಲ್ಲ, ಮನೆತನ ನೋಡಿ ಕೊಡುತ್ತಿದ್ದ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಆ ನಿಯಮ ತೆಗೆದುಹಾಕಿತು. ಅದೇ ತಿದ್ದುಪಡಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಪಾಲು ಕೊಟ್ಟಿತು. ಕರ್ನಾಟಕದಲ್ಲಿ ಅದು 1994ರಲ್ಲೇ ಬಂದಿತ್ತು, ಆದರೆ ಮದುವೆಯಾಗಿ ಹೋದ ಅಕ್ಕನ ಸಹಿ ಕೇಳಿದರೆ ಆಮೇಲೂ ನನ್ನ ಮುಖ ನೋಡುತ್ತಿದ್ದರು ಜನ. ನ್ಯಾಯವಾಗಿ ಆಗಬೇಕಾದದ್ದೇ ಆಯಿತು. ಸಾಲದ ಕಾಗದಕ್ಕೆ ಸಹಿ ಜಾಸ್ತಿಯಾದದ್ದೂ ನಿಜ.

ಇದರ ಮೇಲೆ ನಮ್ಮದೇ ರಾಜ್ಯದ ಕಾನೂನುಗಳು. 1974ರ ಗೇಣಿ ತಿದ್ದುಪಡಿಯಲ್ಲಿ ಬಂದ ಜಮೀನಾ? ಮಂಜೂರಾದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ (ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಮಾರಾಟ ತಡೆಯುವುದು) ತಗಲುತ್ತದಾ? ಬಗರ್‌ಹುಕುಂನಲ್ಲಿ ಸಾಗುವಳಿ ಚೀಟಿ ಸಿಕ್ಕಿದೆ, ಪೋಡಿ (ಅಳತೆ ಮಾಡಿ ಬೇರೆ ಸರ್ವೆ ನಂಬರ್ ಕೊಡುವುದು) ಆಗಿದೆಯಾ? ಇವೆಲ್ಲ ಬಡವನ ಜಮೀನು ಕೈತಪ್ಪದಿರಲಿ ಅಂತ ಮಾಡಿದ ಕಾನೂನು. ಮಾಡಬೇಕಾದದ್ದೇ. ಆದರೆ ಕೈತಪ್ಪದ ಜಮೀನಿನ ಮೇಲೆ ಹೊರಗಿನವನು ಸಾಲ ಕೊಡಲು ಹಿಂದೆಮುಂದೆ ನೋಡುತ್ತಾನೆ. ಎರಡೂ ಒಂದೇ ಕಾನೂನಿನ ಫಲ.

ಖಾಸಗಿ ಲೇವಾದೇವಿ ನೋಡು. ಜಮೀನು ಕಷ್ಟ, ಎಲ್ಲರ ಹತ್ತಿರ ಚಿನ್ನ ಇಲ್ಲ. ಆಗ ಏನು ತಗೊಳ್ಳುತ್ತಾರೆ? ಸಹಿ ಮಾಡಿದ ಖಾಲಿ ಚೆಕ್. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ 1881ರದ್ದು. ಅದಕ್ಕೆ 1988ರಲ್ಲಿ 138ನೇ ಸೆಕ್ಷನ್ ಸೇರಿಸಿ ಚೆಕ್ ಬೌನ್ಸ್ ಆದರೆ ಕ್ರಿಮಿನಲ್ ಕೇಸು ಅಂದರು. ವ್ಯಾಪಾರದಲ್ಲಿ ಚೆಕ್ಕಿಗೆ ಬೆಲೆ ಬರಲಿ ಅನ್ನುವುದು ಉದ್ದೇಶ. ಎರಡು ವರ್ಷದ ತನಕ ಜೈಲು ಅನ್ನುವ ಹೆದರಿಕೆ ಬಂದ ಮೇಲೆ ಚೆಕ್ಕು ದುಡ್ಡು ಕೊಡುವ ಕಾಗದ ಆಗಿ ಉಳಿಯಲಿಲ್ಲ, ಅಡ ಇಡುವ ವಸ್ತುವಾಯಿತು. ಚೀಟಿ ಎತ್ತುವಾಗ ಚೆಕ್, ಕೈಸಾಲಕ್ಕೆ ಚೆಕ್. ಮ್ಯಾಜಿಸ್ಟ್ರೇಟ್ ಕೋರ್ಟಿನ ಪಟ್ಟಿ ಒಂದು ದಿನ ನೋಡು, 138 ಎಷ್ಟಿದೆ ಅಂತ ಗೊತ್ತಾಗುತ್ತದೆ. ಕಾನೂನು ಎಲ್ಲಿ ಬೇಗ ಕಚ್ಚುತ್ತದೋ ಸಾಲ ಅಲ್ಲಿಗೆ ಹರಿಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ನನಗೆ ಗೊತ್ತಿಲ್ಲ.

ಆ 4ಕ್ಕೆ 4 ಅಂಕ ಅಳೆದದ್ದು ಕಂಪನಿ ಮುಳುಗಿದಾಗ ಒತ್ತಾಸೆ ಇಟ್ಟುಕೊಂಡು ಸಾಲ ಕೊಟ್ಟವನಿಗೆ ಪುಸ್ತಕದಲ್ಲಿ ಏನು ಹಕ್ಕಿದೆ ಅನ್ನುವುದನ್ನು. ನಿಮ್ಮಪ್ಪ ಕಂಪನಿ ಅಲ್ಲ.

ಹಾಸನದಾಕೆ, ಜರ್ಮನಿಯಿಂದ:

ವಕೀಲರೇ, ಓದಿ ಖುಷಿಯಾಯಿತು. ನಾನು ಹಾಸನದ ಸಾಲಗಾಮೆ ರಸ್ತೆಯವಳು, ಈಗ ಫ್ರಾಂಕ್‌ಫರ್ಟ್ ಹತ್ತಿರ ಇದ್ದೇನೆ. ಇಲ್ಲಿ ನಾವು ಒಂದು ಫ್ಲ್ಯಾಟ್ ತಗೊಂಡೆವು, ಸಾಲ ಮಾಡಿಯೇ. ನಿಮ್ಮ ಕಾಗದದ ಕಥೆಗೆ ಇಲ್ಲಿನದನ್ನು ಸೇರಿಸುತ್ತೇನೆ.

ಇಲ್ಲಿ ನೋಟರಿ ಅಂದರೆ ನಮ್ಮೂರಿನ ಕೋರ್ಟ್ ಮುಂದೆ ಸೀಲು ಹಾಕುವವರಲ್ಲ. ದೊಡ್ಡ ಹುದ್ದೆ, ಫೀಸು ಕಾನೂನಿನಲ್ಲೇ ನಿಗದಿ. ಮನೆ ಕ್ರಯದ ಪತ್ರವನ್ನು ಅವರು ಮೊದಲಿಂದ ಕೊನೆತನಕ ನಮ್ಮೆದುರು ಜೋರಾಗಿ ಓದಬೇಕು, ಓದದಿದ್ದರೆ ಪತ್ರ ಊರ್ಜಿತವಲ್ಲ. ನನ್ನ ಗಂಡ ನಿದ್ದೆ ಹೋಗುವುದರಲ್ಲಿದ್ದರು. ಆಸ್ತಿಯ ದಾಖಲೆ ಪುಸ್ತಕ ಇರುವುದು ಕೋರ್ಟಿನಲ್ಲಿ. ಅದರಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ ನಂಬಿ ಕೊಂಡವರಿಗೆ 1900ರಲ್ಲಿ ಜಾರಿಗೆ ಬಂದ ಸಿವಿಲ್ ಸಂಹಿತೆಯೇ ರಕ್ಷಣೆ ಕೊಡುತ್ತದೆ. ನಮ್ಮಪ್ಪ ಫೋನಿನಲ್ಲಿ "30 ವರ್ಷದ ಇಸಿ ತೆಗೆಸಿದಿರಾ?" ಅಂತ ಕೇಳಿದರು. ಬೇಕಾಗಲಿಲ್ಲ.

ಮುಖ್ಯ ಮಾತು ಬ್ಯಾಂಕಿನದು. ಮನೆಯ ಮೇಲೆ ಬ್ಯಾಂಕಿನ ಹಕ್ಕು ನೋಂದಾಯಿಸುವಾಗ ನೋಟರಿ ಮುಂದೆ ಇನ್ನೊಂದು ಸಾಲಿಗೂ ಒಪ್ಪಿಕೊಂಡೆವು. ಕಂತು ಕಟ್ಟದಿದ್ದರೆ ಬೇರೆ ದಾವೆ ಹಾಕದೆ ಆ ಪತ್ರದ ಮೇಲೇ ನೇರ ಜಾರಿಗೆ ಹೋಗಬಹುದು ಅಂತ. ಆ ಪತ್ರಕ್ಕೆ ಡಿಕ್ರಿಯಷ್ಟೇ ಬಲ. ವಕೀಲರು ಹೇಳಿದ ಪ್ರಿಲಿಮಿನರಿ, ಫೈನಲ್ ಎರಡನ್ನೂ ನಾವು ಸಾಲ ಸಿಗುವ ಮೊದಲೇ ಬರೆದುಕೊಟ್ಟ ಹಾಗೆ. ನೀವು 2002ರಲ್ಲಿ ವಿಶೇಷ ಕಾಯ್ದೆ ಮಾಡಿ ಬ್ಯಾಂಕಿಗೆ ಕೊಟ್ಟದ್ದು ಇಲ್ಲಿ ಮಾಮೂಲಿ ಪತ್ರದಲ್ಲೇ ಇದೆ.

ಆದರೆ ಅದೇ ಪಟ್ಟಿಯಲ್ಲಿ ಷೇರುದಾರರ ಹಕ್ಕಿಗೆ ಜರ್ಮನಿಗೆ ಸಿಕ್ಕಿದ್ದು 1 ಅಂಕ. ಅದೂ ಕಣ್ಣಿಗೆ ಕಾಣುತ್ತದೆ. ನನ್ನ ಜೊತೆ ಕೆಲಸ ಮಾಡುವವರು ಷೇರಿಗಿಂತ ಉಳಿತಾಯ ಖಾತೆ ಮಾತಾಡುತ್ತಾರೆ. ಇಲ್ಲಿನ ಕಂಪನಿಗಳಿಗೂ ತಲೆಮಾರುಗಳಿಂದ ಒಂದೇ ಬ್ಯಾಂಕು ಸಾಲ ಕೊಡುವುದು ಹಳೇ ಅಭ್ಯಾಸ. ಜಮೀನಿನ ಸಾಲದ ಪತ್ರವನ್ನು ಪೇಟೆಯಲ್ಲಿ ಮಾರುವುದು 1769ರಷ್ಟು ಹಿಂದೆಯೇ ಇಲ್ಲಿ ಶುರುವಾಗಿತ್ತು. ಯುದ್ಧದಲ್ಲಿ ಹಾಳಾದ ಸಿಲೇಷಿಯಾದ ಜಮೀನ್ದಾರರಿಗೆ ಸಾಲ ಸಿಗಲಿ ಅಂತ ಫ್ರೆಡರಿಕ್ ದೊರೆ ಮಾಡಿದ ಏರ್ಪಾಡು. ಎಲ್ಲ ಜಮೀನ್ದಾರರೂ ಸೇರಿ ಹೊಣೆ ಹೊತ್ತು ಬಾಂಡು ಬಿಟ್ಟರು. ಸಂಹಿತೆ ದೇಶ ಅಂದರೆ ಹಣಕಾಸಿನಲ್ಲಿ ಹಿಂದೆ ಅಂತ ಸುಮ್ನೆ ಬರೆಯಬೇಡಪ್ಪ.

ಬೇಲೂರು ಸೊಸೈಟಿ:

ಮೇಡಂ ಎಲ್ಲರೂ ಸೇರಿ ಹೊಣೆ ಅಂದರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಬೇಲೂರು ತಾಲ್ಲೂಕಿನ ಒಂದು ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಕಾರ್ಯದರ್ಶಿ.

ನಮ್ಮ ಸಂಘಗಳ ಮೂಲ ಇಂಗ್ಲೆಂಡ್ ಅಲ್ಲ, ಜರ್ಮನಿ. ಅಲ್ಲಿ ರೈಫೈಸೆನ್ ಅನ್ನುವವರು ಹಳ್ಳಿ ಸಾಲದ ಸಂಘ ಕಟ್ಟಿದ್ದರು. ಮದ್ರಾಸ್ ಸರ್ಕಾರ ಫ್ರೆಡರಿಕ್ ನಿಕೋಲ್ಸನ್ ಅವರನ್ನು ಅಧ್ಯಯನಕ್ಕೆ ಹಾಕಿತು, ಅವರ ವರದಿ ಇದೇ ಮಾದರಿ ಬೇಕು ಅಂದಿತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ಗದಗದ ಕಣಗಿನಹಾಳದಲ್ಲಿ ಸಂಘ ಆಯಿತು, ಮೈಸೂರು ಸಂಸ್ಥಾನವೂ ತನ್ನ ಕಾಯ್ದೆ ಮಾಡಿತು. ಹಳ್ಳಿ ಸಂಘಗಳಲ್ಲಿ ಆಗ ಹೊಣೆಗೆ ಮಿತಿ ಇರಲಿಲ್ಲ. ಪಕ್ಕದ ಮನೆಯವನು ಕಟ್ಟದಿದ್ದರೆ ನಿನಗೂ ತಗಲುತ್ತದೆ. ಯಾರ ಕಾಗದವನ್ನೂ ವಕೀಲರಿಗೆ ತೋರಿಸುವ ಅಗತ್ಯ ಇರಲಿಲ್ಲ, ಊರಿಗೇ ಗೊತ್ತು ಯಾರು ಹೇಗೆ ಅಂತ.

ಈಗ ಆ ಹೊಣೆ ಇಲ್ಲ. ಆದರೂ ಒಂದು ವ್ಯತ್ಯಾಸ ಉಳಿದಿದೆ. ನಮ್ಮ ಸಾಲದ ತಕರಾರು ಸಿವಿಲ್ ಕೋರ್ಟಿಗೆ ಹೋಗುವುದಿಲ್ಲ. 1959ರ ಸಹಕಾರ ಸಂಘಗಳ ಕಾಯ್ದೆ 70ನೇ ಸೆಕ್ಷನ್ ಪ್ರಕಾರ ರಿಜಿಸ್ಟ್ರಾರ್ ಹತ್ತಿರ ಹೋಗುತ್ತದೆ. ಜಮೀನಿನ ಮೇಲೆ ನಮ್ಮ ಹಕ್ಕು ಕೂರಿಸಲು ದೊಡ್ಡ ಅಡಮಾನ ಪತ್ರವೂ ಬೇಡ. 1974ರ ಕೃಷಿ ಸಾಲ ವ್ಯವಹಾರ ಕಾಯ್ದೆಯಲ್ಲಿ ರೈತ ಒಂದು ಘೋಷಣೆ ಬರೆದುಕೊಟ್ಟರೆ ಸಾಕು, ಪಹಣಿಯ 11ನೇ ಕಾಲಂನಲ್ಲಿ ಸಾಲ ಕೂರುತ್ತದೆ. ಮೂಡಿಗೆರೆ ತಮ್ಮಾ, ನಿಮ್ಮಪ್ಪ ಸಂಘದಲ್ಲಿ ಬೆಳೆ ಸಾಲ ತಗೊಂಡಿದ್ದರೆ ನಿಮ್ಮ ಪಹಣಿಯಲ್ಲೂ ಇರುತ್ತದೆ ನೋಡು. ಸಾಲ ಸಿಗುವುದೇ ಇಲ್ಲ ಅಂತ ಬರೆಯಬೇಡ. ಎಕರೆಗೆ ಇಷ್ಟು ಅಂತ ಮಿತಿ ಇದೆ, ಅದಕ್ಕಿಂತ ಹೆಚ್ಚು ಬೇಕಾದಾಗ ತೊಂದರೆ.

ಮನ್ನಾ ಅಂತ ಒಂದು ಮಾತು ಕೇಳಿದರೆ ಸಾಕು, ಕಟ್ಟುವವರೂ ನಿಲ್ಲಿಸುತ್ತಾರೆ. ಅದು ಯಾವ ದೇಶದ ಪರಂಪರೆಯೋ ನನಗೆ ಗೊತ್ತಿಲ್ಲ.

ಮೂಡಿಗೆರೆ ಹುಡುಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಹಣಿ ತೆಗೆದು ನೋಡಿದೆ, 11ನೇ ಕಾಲಂನಲ್ಲಿ ಸಂಘದ ಸಾಲ ಇದೆ. ವಕೀಲ್ ಸರ್, ಹಾಗಾದರೆ ಆ ನಾಲ್ವರ ಲೇಖನವೇ ಸುಳ್ಳು ಅಂತ ಬರೆಯಲಾ? ಇನ್ನೊಂದು ಕಡೆ ಓದಿದೆ, 1913ರಲ್ಲಿ ಫ್ರಾನ್ಸಿನ ಷೇರುಪೇಟೆ ಆ ದೇಶದ ಉತ್ಪನ್ನಕ್ಕೆ ಹೋಲಿಸಿದರೆ ಅಮೆರಿಕದ್ದಕ್ಕಿಂತ ದೊಡ್ಡದಿತ್ತಂತೆ.

ಹಳೇ ವಕೀಲ, ಚಿಕ್ಕಮಗಳೂರು:

ಸುಳ್ಳು ಅನ್ನಬೇಡ. ಅವರು ಕೇಳಿದ ಪ್ರಶ್ನೆ ದೊಡ್ಡದು. ಅದಕ್ಕೂ ಮುಂಚೆ ಹಣಕಾಸಿನವರು ಕಾನೂನನ್ನು ಲೆಕ್ಕಕ್ಕೇ ತಗೊಳ್ಳುತ್ತಿರಲಿಲ್ಲ. ಕಾನೂನು ಎಷ್ಟು ಜಾರಿಯಾಗುತ್ತದೆ ಅನ್ನುವುದಕ್ಕೆ ಅದೇ ಲೇಖನದಲ್ಲಿ ಬೇರೆ ಕಾಲಂಗಳಿವೆ, ಅವನ್ನೂ ಪಕ್ಕದಲ್ಲಿ ಇಟ್ಟು ತೋರಿಸು. ಆಮೇಲೆ ಅವರಲ್ಲಿ ಕೆಲವರು ಬೇರೆಯವರ ಜೊತೆ ಸೇರಿ 109 ದೇಶಗಳಲ್ಲಿ ಎರಡೇ ಚಿಕ್ಕ ಕೇಸು ಹಿಡಿದು ನೋಡಿದರು. ಬಾಡಿಗೆ ಕಟ್ಟದವನನ್ನು ಬಿಡಿಸುವುದು, ಬೌನ್ಸ್ ಆದ ಚೆಕ್ಕಿನ ದುಡ್ಡು ವಸೂಲಿ ಮಾಡುವುದು. ಸಂಹಿತೆ ಇರುವ ದೇಶಗಳಲ್ಲಿ ಕೋರ್ಟಿನ ವಿಧಿವಿಧಾನ ಜಾಸ್ತಿ ಅಂತ ಬಂತು. ನನಗೆ ಆ ಅಧ್ಯಯನ ಮೊದಲನೆಯದಕ್ಕಿಂತ ಇಷ್ಟ. ಅಂಕ ಬಿಟ್ಟು ಕೋರ್ಟಿನ ಬಾಗಿಲಿಗೆ ಬಂದರಲ್ಲ.

1913ರ ಮಾತು ನಿಜ. ರಘುರಾಂ ರಾಜನ್ ಮತ್ತು ಜಿಂಗಾಲೆಸ್ 2003ರಲ್ಲಿ ಬರೆದದ್ದು. ಫ್ರಾನ್ಸ್‌ನದು ಉತ್ಪನ್ನದ 0.78 ಭಾಗ, ಅಮೆರಿಕದ್ದು 0.39. ನೆಪೋಲಿಯನ್ ಸಂಹಿತೆ ಬಂದದ್ದು 1804ರಲ್ಲಿ. ಸಂಹಿತೆ ಆಗಲೂ ಇತ್ತು, ಆಮೇಲೂ ಇತ್ತು, ಪೇಟೆ ಮಾತ್ರ ಏರಿ ಇಳಿಯಿತು. ಆಗಲೇ ಬೇರೂರಿದ ದೊಡ್ಡ ಕಂಪನಿ, ದೊಡ್ಡ ಬ್ಯಾಂಕುಗಳಿಗೆ ಹೊಸಬರಿಗೆ ಬಂಡವಾಳ ಸಿಗುವುದು ಬೇಕಿಲ್ಲದಾಗ ಅವರು ಬಾಗಿಲು ಹಾಕಿಸುತ್ತಾರೆ ಅನ್ನುವುದು ಇವರಿಬ್ಬರ ವಾದ. ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಫ್ರಾನ್ಸಿನಲ್ಲಿ ಅದಕ್ಕೂ ಹಿಂದೆ, 18ನೇ ಶತಮಾನದಲ್ಲೇ, ಪ್ಯಾರಿಸ್ಸಿನ ನೋಟರಿಗಳು ಸಾಲದ ದಲ್ಲಾಳಿಗಳಾಗಿದ್ದರು. ಎಲ್ಲರ ಮದುವೆ ಕರಾರು, ಪಾಲುಪತ್ತಿ, ಕ್ರಯಪತ್ರ ಬರೆದವರು ಅವರೇ. ಯಾರ ಹತ್ತಿರ ದುಡ್ಡಿದೆ, ಯಾರ ಜಮೀನು ಚೊಕ್ಕ ಅಂತ ಅವರಿಗೆ ಗೊತ್ತು. ಹಾಸನದ ಮೇಡಂ ಹೇಳಿದ ನೋಟರಿಯ ಹಿರಿಯಣ್ಣಂದಿರು.

ಪರಂಪರೆ ಏನು ಕೊಡುತ್ತದೆ ಅಂದರೆ ಕೈಗೆ ಸಿಗುವ ಹತಾರ. ಇಂಗ್ಲಿಷ್ ಕಾನೂನು ಟ್ರಸ್ಟ್ ಕೊಟ್ಟಿತು. ಕಂಪನಿಯ ಗೋಡೌನಿನಲ್ಲಿ ದಿನಾ ಬದಲಾಗುವ ಸರಕಿನ ಮೇಲೂ ಸಾಲ ಎತ್ತುವ ಫ್ಲೋಟಿಂಗ್ ಚಾರ್ಜ್ 1870ರ ಒಂದು ತೀರ್ಪಿನಿಂದ ಬೆಳೆಯಿತು, ಯಾವ ಪಾರ್ಲಿಮೆಂಟೂ ಬರೆದದ್ದಲ್ಲ. ಅದರಿಂದ ಕಂಪನಿಗೆ ಅನುಕೂಲ. ಆ ಹತಾರ ಯಾರ ಕೈಗೆ ಸಿಗಬೇಕು ಅನ್ನುವುದನ್ನು ತೀರ್ಮಾನಿಸುವುದು ಮಾತ್ರ ಸರ್ಕಾರ, ವಿಧಾನಸಭೆ. ವಸೂಲಿ ನ್ಯಾಯಮಂಡಳಿ ಬಂದ ಮೇಲೆ ಏನಾಯಿತು ಅಂತ ಸುಜಾತಾ ವಿಸಾರಿಯಾ ಮತ್ತು ಜೊತೆಯವರು ನೋಡಿದ್ದಾರೆ. ಬಾಕಿ ಕಡಿಮೆಯಾಯಿತು, ಬಡ್ಡಿಯೂ ಇಳಿಯಿತು. ಆದರೆ ಒತ್ತಾಸೆ ಇಡಲು ಆಸ್ತಿ ಇದ್ದ ದೊಡ್ಡವರಿಗೆ ಸಾಲ ಹೆಚ್ಚಾಯಿತು, ಸಣ್ಣವರಿಗೆ ಕಡಿಮೆಯಾಯಿತು. ನಿನ್ನ ಸೆಮಿನಾರ್‌ನಲ್ಲಿ ಇದನ್ನು ಬಿಡಲೇಬೇಡ. ಆಮೇಲೆ ಸಣ್ಣವರು ಎಲ್ಲಿಗೆ ಹೋಗುತ್ತಾರೆ, ಅಲ್ಲಿ ಕಿರುಕುಳ ಶುರುವಾದಾಗ ಸರ್ಕಾರ ಏನು ಮಾಡುತ್ತದೆ ಅನ್ನುವುದಕ್ಕೆ 2025ರಲ್ಲಿ ನಮ್ಮ ರಾಜ್ಯ ಮೈಕ್ರೋಫೈನಾನ್ಸ್ ಬಗ್ಗೆ ಹೊರಡಿಸಿದ ಸುಗ್ರೀವಾಜ್ಞೆ ಓದು. 1879ರ ಕಾಯ್ದೆಯ ಪಕ್ಕ ಇಟ್ಟು ಓದಿದರೆ ಇನ್ನೂ ಒಳ್ಳೆಯದು.

ಕಾಫಿಯದೇ ಒಂದು ಉದಾಹರಣೆ ಬೇಕಾದರೆ ಪೂಲ್ ಕಾಲ ತಗೋ. 1942ರ ಕಾಯ್ದೆ ಬಂದ ಮೇಲೆ ಬೆಳೆಗಾರ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೇ, ಅಂದರೆ ಎಲ್ಲರ ಬೆಳೆ ಒಟ್ಟು ಮಾಡಿ ಮಾರುವ ವ್ಯವಸ್ಥೆಗೇ, ಕೊಡಬೇಕಿತ್ತು. ದುಡ್ಡು ಕಂತಿನಲ್ಲಿ ಬರುತ್ತಿತ್ತು, ಅದಕ್ಕೆ ಬೈಯದ ಬೆಳೆಗಾರ ಇರಲಿಲ್ಲ. ಆದರೆ ಸಾಲ ಕೊಡುವವನ ಕಡೆಯಿಂದ ನೋಡು: ಕೊಳ್ಳುವವನು ಒಬ್ಬನೇ, ದುಡ್ಡು ಎಲ್ಲಿಂದ ಬರುತ್ತದೆ ಅಂತ ಗೊತ್ತು. 1990ರ ದಶಕದಲ್ಲಿ ಹಂತ ಹಂತವಾಗಿ ಬಿಟ್ಟು, 1996ರ ಹೊತ್ತಿಗೆ ಪೂರ್ತಿ ಮುಕ್ತ ಮಾಡಿದರು. ಬೆಳೆಗಾರನಿಗೆ ಬೆಲೆ ಸಿಕ್ಕಿತು. ಬ್ಯಾಂಕು ಬೆಳೆ ಬಿಟ್ಟು ಜಮೀನಿನ ಕಡೆ ಕಣ್ಣು ಹಾಕಿತು. ನನ್ನಂಥವರ ಕೆಲಸ ಹೆಚ್ಚಾದದ್ದೂ ಆಮೇಲೆಯೇ.

ನಿಮ್ಮಪ್ಪನಿಗೆ ಒಂದು ಮಾತು. ಎಂಟು ಎಕರೆ ನಿಮ್ಮ ತಾತನ ಹೆಸರಿನಿಂದ ಬಂದದ್ದಾದರೆ ವಿಭಾಗ ಪತ್ರ ರಿಜಿಸ್ಟರ್ ಆಗಿದೆಯಾ, ಅತ್ತೆಯಂದಿರ ಸಹಿ ಇದೆಯಾ ನೋಡಲು ಹೇಳು.

ಮೂಡಿಗೆರೆ ಹುಡುಗ:

ಪಾಲು ಬಾಯಿಮಾತಿನಲ್ಲೇ ಆಗಿದ್ದು ಸರ್. ಪಹಣಿಯಲ್ಲಿ ಅಪ್ಪ, ದೊಡ್ಡಪ್ಪ ಇಬ್ಬರ ಹೆಸರೂ ಜಂಟಿಯಾಗಿದೆ. ಅತ್ತೆ ಸಕಲೇಶಪುರದಲ್ಲಿದ್ದಾರೆ.

ಹಳೇ ವಕೀಲ, ಚಿಕ್ಕಮಗಳೂರು:

ಹಾಗಾದರೆ ಬ್ಯಾಂಕಿಗೆ ಬೈಯಬೇಡಿ. ಮೊದಲು ಅತ್ತೆಯನ್ನು ಕೂರಿಸಿಕೊಂಡು ಮಾತಾಡಿ, ಅವರ ಪಾಲು ಏನು ಅಂತ ತೀರ್ಮಾನ ಮಾಡಿಕೊಳ್ಳಿ. ಆಮೇಲೆ 11ಇ ನಕ್ಷೆಗೆ (ಪಾಲಿಗೆ ಬರುವ ಭಾಗ ಅಳೆದು ತೋರಿಸುವ ಸರ್ವೆ ನಕ್ಷೆ) ಅರ್ಜಿ ಹಾಕಿ. ಅದು ಇಲ್ಲದೆ ಸಬ್‌ರಿಜಿಸ್ಟ್ರಾರ್ ಪತ್ರ ತಗೊಳ್ಳುವುದಿಲ್ಲ. ಸರ್ವೆಯವರು ಬರುವ ದಿನ ದೊಡ್ಡಪ್ಪನೂ ತೋಟದಲ್ಲಿ ಇರಲಿ.